ಪಾಠ ಕಟ್ಟುವ ವಿದ್ಯೆ ಯಾರ ಸೊತ್ತು?

ಮಕ್ಕಳಿಗೆ ಪಾಠ ಹೇಳುವುದಕ್ಕೆ ಪದವಿ ಬೇಕೆಂಬುದು ಹಳೆಯ ಸಂಗತಿ. ಪಾಠ ಹೇಳುವವರಿಗೆ ಪಾಠವನ್ನು ಕಟ್ಟಿಕೊಡುವುದಕ್ಕೂ ಈಗ ಬೇರೆ ಪದವಿ ಬಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಇನ್‌ಸ್ಟ್ರಕ್ಷನಲ್ ಡಿಸೈನ್’ ಎಂದು ಹೆಸರು. ಪಂಡಿತರು ಬೋಧನಾ ವಿನ್ಯಾಸವೆನ್ನುತ್ತಾರೆ. ನಾವು ಪಾಠ ಕಟ್ಟುವ ವಿದ್ಯೆ ಎನ್ನೋಣ. ಯಾವ ಕೆಲಸವನ್ನು ಯಾರಿಗೆ, ಯಾವ ಕ್ರಮದಲ್ಲಿ, ಎಷ್ಟು ಹೊತ್ತಿನಲ್ಲಿ ಕಲಿಸಬೇಕು, ಕಲಿತದ್ದು ತಲೆಯಲ್ಲಿ ನಿಂತಿತೋ ಇಲ್ಲವೋ ಎಂಬುದನ್ನು ಹೇಗೆ ನೋಡಬೇಕು ಎಂಬುದೇ ಅದರ ತಿರುಳು. ಇದರಲ್ಲಿ ಎಂ.ಎ., ಎಂ.ಎಸ್. ಪದವಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಕೊಡುತ್ತವೆ. ಅಲ್ಲಿಗೆ ಹೋಗಬೇಕಾಗಿಲ್ಲ, ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೇ ಪಡೆಯಬಹುದೆಂಬ ಜಾಹೀರಾತುಗಳು ನಮ್ಮ ಊರಿನ ಹುಡುಗ ಹುಡುಗಿಯರ ಮೊಬೈಲಿಗೂ ಬಂದು ಬೀಳುತ್ತಿವೆ.

ಗಿರಣಿಯಲ್ಲಿ ದುಡಿಯುವವರಿಗೂ ತಕ್ಕಡಿ ಹಿಡಿದು ಕುಳಿತವರಿಗೂ ಇದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಗೊಡವೆ ಇದೆ, ಎರಡು ಬಗೆಯಲ್ಲಿ ಇದೆ. ಈ ಪದವಿಯನ್ನು ಸಾಲದ ಮೇಲೆ ಕೊಳ್ಳುವವರು ನಮ್ಮ ಮಕ್ಕಳು. ಆ ಪದವೀಧರರು ಕಟ್ಟುವ ಪಾಠಕ್ಕೆ ಕಚ್ಚಾ ಮಾಲು ನಮ್ಮ ಕೈಯಲ್ಲಿರುವ ಕಸಬು. ಅಂದಮೇಲೆ ಸರಕಿನ ಎರಡೂ ತುದಿಯಲ್ಲಿ ನಾವೇ ಇದ್ದೇವೆ. ನಡುವಿನ ಲಾಭ ಮಾತ್ರ ಬೇರೆಯವರದು.

ಹೋದ ತಿಂಗಳು ನಮ್ಮ ಕಚೇರಿಗೆ ಒಬ್ಬ ಕಿರಾಣಿ ವ್ಯಾಪಾರಿ ಬಂದಿದ್ದರು. ಮಗಳು ಬಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ತಿಂಗಳಿಗೆ ಅವಳಿಗೆ ಸಿಗುವುದು ಬದಲಿ ಕಾರ್ಮಿಕನ ಕೂಲಿಗಿಂತ ಹೆಚ್ಚೇನೂ ಅಲ್ಲ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಈ ಅಮೆರಿಕದ ಪದವಿ ಸಿಕ್ಕರೆ ಬೆಂಗಳೂರಿನ ಕಂಪನಿಯಲ್ಲಿ ಪಾಠ ಕಟ್ಟುವ ಕೆಲಸ ಸಿಗುತ್ತದೆಂದು ಅವಳ ಆಸೆ. ‘ಹೇಳ್ರಿ, ಮನೆ ಪತ್ರ ಬ್ಯಾಂಕಿಗೆ ಕೊಡ್ಲೋ ಬ್ಯಾಡೋ?’ ಎಂದು ಅಪ್ಪ ಕೇಳಿದರು. ಮಗಳ ಆಸೆಯಲ್ಲಿ ತಪ್ಪಿಲ್ಲ. ತರಗತಿಯನ್ನು ಬಿಟ್ಟು ಓಡಬೇಕೆಂಬ ಸ್ಥಿತಿಗೆ ಮೇಷ್ಟ್ರುಗಳನ್ನು ತಂದವರನ್ನು ಮೊದಲು ಕೇಳಬೇಕು. ಅಮೆರಿಕದಲ್ಲಿಯೂ ಈ ಪದವಿಗೆ ಸೇರುವವರಲ್ಲಿ ಶಾಲೆಯ ಕೆಲಸ ಸಾಕಾಗಿ ಕಂಪನಿಯ ಬಾಗಿಲು ತಟ್ಟುವ ಶಿಕ್ಷಕರು ಬಹಳ. ಮೇಷ್ಟ್ರಿಗೆ ಸರಿಯಾಗಿ ಸಂಬಳ ಕೊಡದ ಸಮಾಜ, ಮೇಷ್ಟ್ರ ಕೆಲಸದಿಂದ ಪಾರಾಗುವ ಪದವಿಯನ್ನೂ ಅವರಿಗೇ ಮಾರುತ್ತಿದೆ.

ಲೆಕ್ಕವನ್ನು ಅಂಗಡಿಯ ಚೀಟಿಯ ಹಿಂದೆಯೇ ಹಾಕಬಹುದು. ಇಂಥ ಪದವಿಗೆ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್‌ಗಳ ಓದು ಬೇಕು. ಒಂದು ಕ್ರೆಡಿಟ್ಟಿಗೆ 500 ಡಾಲರೆಂದು ಕಡಿಮೆಯೇ ಹಿಡಿಯೋಣ. ಸಾವಿರ ಮೀರಿ ಕೇಳುವ ವಿಶ್ವವಿದ್ಯಾಲಯಗಳೂ ಇವೆ. 36ಕ್ಕೆ 18,000 ಡಾಲರು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 15 ಲಕ್ಷ 30 ಸಾವಿರ ರೂಪಾಯಿ. ಏಳೂವರೆ ಲಕ್ಷದ ಮೇಲಿನ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಂಗಡಿಯವನಿಗೆ ಇರುವುದು ಒಂದು ಮನೆ. ಗಿರಣಿ ಕಾರ್ಮಿಕನಿಗೆ ಅದೂ ಇಲ್ಲದಿರಬಹುದು. ಆ ದೇಶದಲ್ಲೇ ನಾಲ್ಕು ಕೋಟಿಗೂ ಹೆಚ್ಚು ಜನ ವಿದ್ಯೆಗಾಗಿ ಸರಕಾರಿ ಸಾಲ ಮಾಡಿ ಕುಳಿತಿದ್ದಾರೆ, ಬಾಕಿ 1.6 ಲಕ್ಷ ಕೋಟಿ ಡಾಲರನ್ನು ದಾಟಿದೆ. ಅವರ ಸಾಲದ ಸಂತೆಗೆ ನಮ್ಮ ಹೆಣ್ಣುಮಕ್ಕಳನ್ನೂ ಈಗ ಕರೆಯುತ್ತಿದ್ದಾರೆ.

ಹುಟ್ಟಿದ್ದು ಕಾರ್ಖಾನೆಯಲ್ಲಿ

ಹಾಗಾದರೆ ಈ ವಿದ್ಯೆ ಬೂಟಾಟಿಕೆಯೇ? ಅಲ್ಲ. ನಮ್ಮ ಸಂಘದಲ್ಲಿಯೇ ಕೆಲವರು ‘ಇದೆಲ್ಲ ಕಂಪ್ಯೂಟರ್ ಮಂದಿಯ ಮಂಕುಬೂದಿ, ಬಿಟ್ಟುಹಾಕಿ’ ಎನ್ನುತ್ತಾರೆ. ಅವರ ಮಾತನ್ನೂ ನಾವು ಒಪ್ಪುವುದಿಲ್ಲ. ಈ ವಿದ್ಯೆಯ ವಂಶಾವಳಿಯನ್ನು ನೋಡಿದರೆ ಅದರ ತೂಕವೂ ತಿಳಿಯುತ್ತದೆ, ಅದು ಯಾರ ಚಾಕರಿಗೆ ನಿಂತಿದೆ ಎಂಬುದೂ ತಿಳಿಯುತ್ತದೆ.

ಅದರ ಅಜ್ಜ ಫ್ರೆಡರಿಕ್ ಟೇಲರ್ ಎಂಬ ಅಮೆರಿಕದ ಇಂಜಿನಿಯರು. ಗಡಿಯಾರ ಹಿಡಿದು ಕೂಲಿಯವನ ಪಕ್ಕದಲ್ಲಿ ನಿಂತವನು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವ ಆಳು ದಿನಕ್ಕೆ 12½ ಟನ್ ಸಾಗಿಸುತ್ತಿದ್ದನಂತೆ. ಎತ್ತು ಎಂದಾಗ ಎತ್ತಿ, ಕೂರು ಎಂದಾಗ ಕೂತದ್ದರಿಂದ ಅದು 47½ ಟನ್ನಿಗೆ ಏರಿತೆಂದು 1911ರ ತನ್ನ ಪುಸ್ತಕದಲ್ಲಿ ಅವನು ಹೆಮ್ಮೆಯಿಂದ ಬರೆದುಕೊಂಡ. ಕೂಲಿ? 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ನೂರಕ್ಕೆ ಅರವತ್ತರಷ್ಟು ಹೆಚ್ಚು! ಈ ಕಥೆಯಲ್ಲಿ ಬಣ್ಣ ಬಹಳವಿದೆ ಎಂದು ಮುಂದೆ ಇತಿಹಾಸಕಾರರು ಕೆದಕಿ ತೋರಿಸಿದ್ದಾರೆ. ಆದರೆ ಕಥೆಗಿಂತ ಅದರ ಹಿಂದಿನ ತತ್ತ್ವ ಮುಖ್ಯ. ಕೆಲಸ ಬಲ್ಲವನ ತಲೆಯೊಳಗಿನ ತಿಳಿವಳಿಕೆಯನ್ನು ಹೊರತೆಗೆದು, ತುಂಡುತುಂಡು ಮಾಡಿ, ಕಾಗದದ ಮೇಲೆ ಬರೆದು ಮ್ಯಾನೇಜರನ ಕಪಾಟಿನಲ್ಲಿಡಬೇಕು. ಆಮೇಲೆ ಆ ಕಾಗದ ನೋಡಿ ಯಾರು ಬೇಕಾದರೂ ಆ ಕೆಲಸ ಮಾಡಬಹುದು, ಬಲ್ಲವನ ಹಂಗಿಲ್ಲ ಎಂಬುದು ಆ ತತ್ತ್ವ. ಗಿರಣಿ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಮಾಪನದ ಗಡಿಯಾರ ಹಿಡಿದು ಬಂದವರನ್ನು ನೀವು ಕಂಡಿದ್ದೀರಿ.

ಅನಂತರ ಯುದ್ಧಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಹಡಗು ಕಟ್ಟುವ ಆಳುಗಳು ಅವಸರದಲ್ಲಿ ಬೇಕಾದಾಗ ಚಾರ್ಲ್ಸ್ ಅಲೆನ್ ಎಂಬಾತ ಕಲಿಸುವುದಕ್ಕೆ ನಾಲ್ಕು ಹೆಜ್ಜೆಯ ಕ್ರಮವೊಂದನ್ನು ಬಳಕೆಗೆ ತಂದು, 1919ರಲ್ಲಿ ಅದನ್ನು ಪುಸ್ತಕ ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಅದೇ ಕ್ರಮ ಸರಕಾರದ ಯೋಜನೆಯಾಯಿತು. 1940ರಿಂದ 1945ರ ತನಕ 16 ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 16 ಲಕ್ಷಕ್ಕೂ ಮೇಲ್ಪಟ್ಟ ಮೇಲ್ವಿಚಾರಕರಿಗೆ ಕಲಿಸುವ ಬಗೆಯನ್ನು ಕಲಿಸಿದರು. ಮೊದಲು ಕಲಿಯುವವನ ಅಂಜಿಕೆ ಬಿಡಿಸು, ಕೆಲಸವನ್ನು ಮಾಡಿ ತೋರಿಸು, ಅವನಿಂದ ಮಾಡಿಸು, ಬಿಟ್ಟುಹೋಗದೆ ಆಗಾಗ ಬಂದು ನೋಡು ಎಂಬುದು ಆ ನಾಲ್ಕು ಹೆಜ್ಜೆ. ಕಲಿಯುವವನಿಗೆ ಬಾರದಿದ್ದರೆ ತಪ್ಪು ಕಲಿಸಿದವನದು ಎಂಬುದು ಅವರ ಸೂತ್ರವಾಗಿತ್ತು. ಈ ಸೂತ್ರಕ್ಕೆ ನಾವೂ ಕೈಮುಗಿಯುತ್ತೇವೆ. ನಮ್ಮ ಗಿರಣಿಗಳ ಜಾಬರುಗಳು ಇದನ್ನು ಕೇಳಿದ್ದಿದ್ದರೆ ಎಷ್ಟು ಹುಡುಗರ ಕೆನ್ನೆ ಉಳಿಯುತ್ತಿತ್ತೋ!

ಮಿಕ್ಕ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. ಯುದ್ಧಕಾಲದಲ್ಲಿಯೇ ಕಾರ್ಮಿಕರ ತರಬೇತಿಗೆಂದು ಅಮೆರಿಕದ ಸರಕಾರ 457 ಚಲನಚಿತ್ರಗಳನ್ನು ತೆಗೆಯಿಸಿತು. 1950ರ ದಶಕದಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾಠ ಹೇಳುವ ಯಂತ್ರವನ್ನೇ ಮಾಡಿದ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೆ ಏರಿದ್ದೇ ತಡ, ಹೆದರಿದ ಅಮೆರಿಕ 1958ರಲ್ಲಿ ಕಾನೂನು ಮಾಡಿ ಶಿಕ್ಷಣಕ್ಕೆ ಹಣ ಸುರಿಯಿತು. ವಾಯುಪಡೆಯಲ್ಲಿ ತರಬೇತಿಯ ಸಂಶೋಧನೆ ಮಾಡುತ್ತಿದ್ದ ರಾಬರ್ಟ್ ಗಾನ್ಯೇ 1965ರ ತನ್ನ ಗ್ರಂಥದಿಂದ ಈ ಶಾಸ್ತ್ರಕ್ಕೆ ತಳಹದಿ ಹಾಕಿದ. 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ಸೈನ್ಯಕ್ಕಾಗಿ ಐದು ಹಂತಗಳ ಒಂದು ಪದ್ಧತಿಯನ್ನು ಕಟ್ಟಿಕೊಟ್ಟರು. ಅಗತ್ಯವನ್ನು ಅಳೆ, ಯೋಜಿಸು, ತಯಾರಿಸು, ನಡೆಸು, ಫಲವನ್ನು ಪರೀಕ್ಷಿಸು ಎಂಬ ಈ ಐದನ್ನೇ ಇಂದಿಗೂ ಪದವಿಯ ಮೊದಲ ಪಾಠವಾಗಿ ಕಲಿಸುತ್ತಾರೆ.

ಇದಿಷ್ಟಕ್ಕೂ ಯಾರ ದುಡ್ಡು ಖರ್ಚಾಯಿತು? ಬಹುಪಾಲು ಸೈನ್ಯದ ದುಡ್ಡು, ಸರಕಾರದ ದುಡ್ಡು. ಅಂದರೆ ಅಲ್ಲಿಯ ದುಡಿಯುವ ಜನ ಕಟ್ಟಿದ ತೆರಿಗೆಯ ದುಡ್ಡು. ಯಾರ ಕಸಬನ್ನು ನೋಡಿ ಶಾಸ್ತ್ರ ಮಾಡಿದರು? ಹಡಗು ಕಟ್ಟುವವನದು, ಲೇಥ್ ತಿರುಗಿಸುವವನದು, ವಿಮಾನ ರಿಪೇರಿ ಮಾಡುವವನದು. ಹೀಗೆ ಸಾರ್ವಜನಿಕರ ಹಣದಿಂದ, ಕಾರ್ಮಿಕರ ಕೈಯನ್ನು ನೋಡಿ ಕಟ್ಟಿದ ವಿದ್ಯೆಯನ್ನು ಈಗ ಕಾರ್ಮಿಕರ ಮಕ್ಕಳಿಗೇ 15 ಲಕ್ಷಕ್ಕೆ ಮಾರುತ್ತಿದ್ದಾರೆ. ಬಾವಿ ತೋಡಿದವನಿಗೇ ಕೊಡಕ್ಕೆ ಇಷ್ಟೆಂದು ನೀರು ಮಾರುವ ವ್ಯಾಪಾರವಿದು.

ದಲಾಲಿಯ ಪಾಲು

ಮಾರುವವರು ವಿಶ್ವವಿದ್ಯಾಲಯದ ಪ್ರೊಫೆಸರುಗಳು ಎಂದು ನೀವು ತಿಳಿದಿದ್ದರೆ, ಅರ್ಧವೇ ನಿಜ. ಮನೆಯಲ್ಲಿ ಕುಳಿತು ಓದುವ ಪದವಿಗಳನ್ನು ನಡೆಸುವುದಕ್ಕೆ ಅಮೆರಿಕದಲ್ಲಿ ಕಂಪನಿಗಳು ಹುಟ್ಟಿಕೊಂಡಿವೆ. ಜಾಹೀರಾತು, ವಿದ್ಯಾರ್ಥಿಗಳನ್ನು ಹಿಡಿದು ತರುವುದು, ಕಂಪ್ಯೂಟರಿನ ಏರ್ಪಾಡು ಇದೆಲ್ಲ ಅವರದು. ಹೆಸರು ಮತ್ತು ಮುದ್ರೆ ವಿಶ್ವವಿದ್ಯಾಲಯದ್ದು. ಇದಕ್ಕೆ ಪ್ರತಿಯಾಗಿ ವಿದ್ಯಾರ್ಥಿಯ ಶುಲ್ಕದಲ್ಲಿ ಸುಮಾರು ಅರ್ಧವನ್ನೋ ಕೆಲವೆಡೆ ಅದಕ್ಕೂ ಹೆಚ್ಚನ್ನೋ ಕಂಪನಿ ತೆಗೆದುಕೊಳ್ಳುವ ಒಪ್ಪಂದಗಳು ನಡೆದಿವೆ. ನಮ್ಮ ಮಂಡಿಯ ದಲಾಲಿ ನೂರಕ್ಕೆ ಎರಡು ಹೆಚ್ಚಿಗೆ ಹಿಡಿದರೆ ರೈತರು ಅಡತಿ ಅಂಗಡಿಯ ಮುಂದೆ ಕೂರುತ್ತಾರೆ. ಇಲ್ಲಿ ನೂರಕ್ಕೆ ಐವತ್ತು!

ಒಂದು ಉದಾಹರಣೆ ಸಾಕು. ಹಾರ್ವರ್ಡ್ ಮತ್ತು ಎಂ.ಐ.ಟಿ. ಎಂಬ ಎರಡು ದೊಡ್ಡ ವಿದ್ಯಾಸಂಸ್ಥೆಗಳು 2012ರಲ್ಲಿ ‘ಎಡ್‌ಎಕ್ಸ್’ ಎಂಬುದನ್ನು ಸ್ಥಾಪಿಸಿದವು. ಲಾಭಕ್ಕಲ್ಲ, ಲೋಕಕ್ಕೆಲ್ಲ ವಿದ್ಯೆ ಹಂಚುವುದಕ್ಕೆ ಎಂದು ಡಂಗುರ ಸಾರಿದರು. ಬಡ ದೇಶಗಳ ಹುಡುಗರು ಅದನ್ನು ನಂಬಿದರು, ಲಕ್ಷಗಟ್ಟಲೆ ಓದಿದರು. 2021ರಲ್ಲಿ ಅದನ್ನು ‘ಟೂಯೂ’ ಎಂಬ ಲಾಭದ ಕಂಪನಿಗೆ 80 ಕೋಟಿ ಡಾಲರಿಗೆ ಮಾರಿದರು. ಕೊಂಡ ಕಂಪನಿ ಸಾಲದಲ್ಲಿ ಮುಳುಗಿ 2024ರ ಜುಲೈಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಧರ್ಮಛತ್ರವೆಂದು ಕಟ್ಟಿದ್ದು ಹನ್ನೆರಡು ವರ್ಷಗಳಲ್ಲಿ ಹೋಟೆಲಾಗಿ, ಹೋಟೆಲು ಸಾಲ ಕೊಟ್ಟವರ ಪಾಲಾಯಿತು.

ಅಮೆರಿಕದ ಮಾತು ಅಲ್ಲಿಗಿರಲಿ, ಪದವಿ ಮುಗಿಸಿದ ಹುಡುಗಿ ಕೆಲಸ ಹುಡುಕಿಕೊಂಡು ಹೋಗುವುದು ಬೆಂಗಳೂರಿಗೆ. ಅಲ್ಲಿ ಏನಾಯಿತು? ಬೈಜೂಸ್ ಎಂಬ ಪಾಠದ ಕಂಪನಿಯ ಹೆಸರನ್ನು ಕ್ರಿಕೆಟ್ ಆಟಗಾರರ ಅಂಗಿಯ ಮೇಲೆ ನೀವೆಲ್ಲ ಓದಿದ್ದೀರಿ. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರೆಂದು ಪತ್ರಿಕೆಗಳು ಹಾಡಿ ಹೊಗಳಿದವು. ಅದೇ ವರ್ಷದ ಅಕ್ಟೋಬರಿನಲ್ಲಿ 2,500 ಮಂದಿಯನ್ನು ಮನೆಗೆ ಕಳಿಸುವುದಾಗಿ ಕಂಪನಿ ಸಾರಿತು. ಪಾಠ ತಯಾರಿಸುವ ವಿಭಾಗವೂ ಅದರಲ್ಲಿ ಸೇರಿತ್ತು. 2024ರ ಜುಲೈಯಲ್ಲಿ ಅಂಗಿಯ ಬಾಬತ್ತಿನ 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿಯೇ ದೂರು ಕೊಟ್ಟು, ಬೆಂಗಳೂರಿನ ನ್ಯಾಯಮಂಡಳಿ ದಿವಾಳಿ ನಡವಳಿಯನ್ನು ಆರಂಭಿಸಿತು. ಗಿರಣಿ ಬೀಗಮುದ್ರೆಯಾದರೆ ಕನಿಷ್ಠ ಸೈರನ್ನಾದರೂ ನಿಲ್ಲುತ್ತದೆ, ಊರಿಗೆ ಗೊತ್ತಾಗುತ್ತದೆ. ಇಲ್ಲಿ ಮೊಬೈಲಿನಲ್ಲಿ ಒಂದು ಸಂದೇಶ ಬರುತ್ತದೆ, ಅಷ್ಟೇ. ಗೇಟಿನ ಮುಂದೆ ಕೂಗಲು ಗೇಟೂ ಇಲ್ಲ.

ಇನ್ನೂ ಒಂದು ಮಾತು. ಕೆಲಸ ಬಲ್ಲವನ ತಿಳಿವಳಿಕೆಯನ್ನು ತುಂಡು ಮಾಡಿ ಕಾಗದಕ್ಕಿಳಿಸುವ ಟೇಲರನ ಕತ್ತಿ ಈಗ ಆ ಕತ್ತಿ ಹಿಡಿದವರ ಮೇಲೆಯೇ ಬಿದ್ದಿದೆ. ಒಂದು ಕಾಲದಲ್ಲಿ ಉಕ್ಕಿನ ಕಾರ್ಮಿಕರ ಊರಾಗಿದ್ದ ಪಿಟ್ಸ್‌ಬರ್ಗಿನಲ್ಲಿ ‘ಡ್ಯುಯೊಲಿಂಗೊ’ ಎಂಬ ಭಾಷೆ ಕಲಿಸುವ ಕಂಪನಿ ಇದೆ. 2024ರ ಮೊದಲಲ್ಲಿ ಅದು ತನ್ನ ಗುತ್ತಿಗೆಯ ಕೆಲಸಗಾರರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯನ್ನು ಕೈಬಿಟ್ಟಿತು. ಮೊದಲ ನೂರು ಪಾಠಕ್ರಮಗಳನ್ನು ಕಟ್ಟಲು ಹನ್ನೆರಡು ವರ್ಷ ಹಿಡಿದಿತ್ತು, ಕೃತಕ ಬುದ್ಧಿಯ ಯಂತ್ರದಿಂದ ಸುಮಾರು ಒಂದೇ ವರ್ಷದಲ್ಲಿ 148 ಕಟ್ಟಿದೆವು ಎಂದು 2025ರ ಏಪ್ರಿಲಿನಲ್ಲಿ ತಾನೇ ಸಾರಿಕೊಂಡಿತು. ಸಾಲದ ಕಂತು ಮುಗಿಯುವ ಮೊದಲು ಕೆಲಸ ಮುಗಿಯಬಹುದು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

‘ಮಾರುಕಟ್ಟೆ ಎಂದಮೇಲೆ ಏರಿಳಿತ ಇದ್ದದ್ದೇ, ಜಾಣರು ಗೆಲ್ಲುತ್ತಾರೆ, ದಡ್ಡರು ಸೋಲುತ್ತಾರೆ’ ಎಂದು ಕೆಲವು ಮಹಾಶಯರು ಉಪದೇಶ ಮಾಡುತ್ತಾರೆ. ಸಣ್ಣ ವ್ಯಾಪಾರಿಗೆ ಮಾರುಕಟ್ಟೆಯ ಏರಿಳಿತವನ್ನು ಇವರು ಹೇಳಿಕೊಡಬೇಕಾಗಿಲ್ಲ. ಅಕ್ಕಿ ಕೊಳ್ಳುವಾಗ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಕಾಳು ನೋಡುತ್ತಾನೆ. ಈ ಪದವಿಯಲ್ಲಿ ಕಾಳು ನೋಡುವುದಕ್ಕೆ ಮೊದಲೇ ಮನೆ ಪತ್ರ ಕೊಡಬೇಕು.

ಕಸಬಿಗೆ ಕ್ಯಾಮೆರಾ

ಈಗ ಗಿರಣಿಯ ಒಳಗೆ ಬರೋಣ. ಪಾಠ ಕಟ್ಟುವವರಿಗೆ ಪದವಿಯಲ್ಲಿ ಕಲಿಸುವ ಒಂದು ಮುಖ್ಯ ಪಾತ್ರವಿದೆ. ವಿಷಯ ಬಲ್ಲವನು ಎಂದು ಅದರ ಅರ್ಥ. ಪಾಠ ಕಟ್ಟುವವರಿಗೆ ಸ್ವತಃ ಆ ಕೆಲಸ ಬರಬೇಕಾಗಿಲ್ಲ. ಬಲ್ಲವನನ್ನು ಕೂರಿಸಿ, ಕೇಳಿ, ಕ್ಯಾಮೆರಾದಲ್ಲಿ ಹಿಡಿದು, ಹೆಜ್ಜೆಗಳಾಗಿ ಬಿಡಿಸಿಕೊಂಡರೆ ಸಾಕು. ರಿಂಗ್ ಫ್ರೇಮಿನ ಮುಂದೆ ಇಪ್ಪತ್ತು ವರ್ಷ ನಿಂತ ಹೆಣ್ಣುಮಗಳು ಎಳೆ ಹರಿದಾಗ ಬೆರಳ ತುದಿಯಲ್ಲಿ ಅದನ್ನು ಕೂಡಿಸುವ ಬಗೆ, ಸದ್ದು ಕೇಳಿಯೇ ಬೇರಿಂಗು ಒಣಗಿದೆ ಎನ್ನುವ ಫಿಟ್ಟರನ ಕಿವಿ, ಮಳೆಗಾಲದ ತೇವಕ್ಕೆ ನೂಲಿನ ಹದ ಹೇಗೆ ತಪ್ಪುತ್ತದೆಂಬ ಜಾಬರನ ಅಂದಾಜು ಇವೆಲ್ಲ ಅಲ್ಲಿ ಕಚ್ಚಾ ಮಾಲು. ಒಂದು ಮಧ್ಯಾಹ್ನದ ಚಹಾ, ಒಂದು ಫೋಟೋ, ಅಲ್ಲಿಗೆ ಬಲ್ಲವನ ಬಾಬತ್ತು ಮುಗಿಯಿತು. ಆ ಪಾಠ ಕಂಪನಿಯ ಹತ್ತು ಗಿರಣಿಗಳಲ್ಲಿ ಹತ್ತು ವರ್ಷ ಓಡುತ್ತದೆ. ಅದನ್ನು ನೋಡಿ ಕಲಿತ ಗುತ್ತಿಗೆಯ ಹುಡುಗನನ್ನು ಅರ್ಧ ಕೂಲಿಗೆ ಬಲ್ಲವನ ಜಾಗದಲ್ಲಿಯೇ ನಿಲ್ಲಿಸಬಹುದು.

ಹುಡುಗ ಕಲಿಯಬಾರದೇ? ಕಲಿಯಲೇಬೇಕು. ಕಸಬನ್ನು ಬಚ್ಚಿಟ್ಟುಕೊಂಡು ಶಿಷ್ಯನನ್ನು ಹತ್ತು ವರ್ಷ ಸತಾಯಿಸುವ ಹಳೆಯ ಮೇಸ್ತ್ರಿಗಿರಿಯನ್ನು ನಾವು ಎಂದೂ ಹೊಗಳಿಲ್ಲ. ಅಣ್ಣನ ಮಗನಿಗೊಂದು ಪಾಠ, ಹಟ್ಟಿಯಿಂದ ಬಂದ ಹುಡುಗನಿಗೊಂದು ಪಾಠ ಹೇಳಿಕೊಟ್ಟ ಮೇಸ್ತ್ರಿಗಳೂ ನಮ್ಮಲ್ಲಿದ್ದರು. ಪಾಠ ಕಾಗದದ ಮೇಲೆ ಬಂದರೆ ಜಾತಿಯ ಈ ಗುಟ್ಟು ಒಡೆಯುತ್ತದೆ. ಅಷ್ಟರಮಟ್ಟಿಗೆ ಅದು ನಮ್ಮ ಕಡೆಯದೇ. ನಮ್ಮ ತಕರಾರು ಕಲಿಸುವುದರ ಮೇಲಲ್ಲ, ಕಲಿಸಿದ್ದರ ಫಲ ಯಾರ ಗಲ್ಲೆಗೆ ಬೀಳುತ್ತದೆ ಎಂಬುದರ ಮೇಲೆ.

ಫಲವನ್ನು ಅಳೆಯುವುದಕ್ಕೆ ಈ ಶಾಸ್ತ್ರದಲ್ಲಿ ಒಂದು ಏಣಿ ಇದೆ. 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಾಪಕ ನಾಲ್ಕು ಮೆಟ್ಟಿಲುಗಳನ್ನು ಹೇಳಿದ. ಕಲಿತವನಿಗೆ ಪಾಠ ಹಿಡಿಸಿತೇ, ಅವನು ನಿಜಕ್ಕೂ ಕಲಿತನೇ, ಕೆಲಸದಲ್ಲಿ ಅದನ್ನು ಬಳಸಿದನೇ, ಅದರಿಂದ ಸಂಸ್ಥೆಗೆ ಏನು ಲಾಭವಾಯಿತು? ಆಮೇಲೆ ಬಂದವರು ಐದನೆಯ ಮೆಟ್ಟಿಲೊಂದನ್ನು ಸೇರಿಸಿದರು. ಕಲಿತವನ ಕೂಲಿ ಏರಿತೇ ಎಂಬುದು ಆ ಐದನೆಯದೆಂದು ನೀವು ಊಹಿಸಿದ್ದರೆ ನಿಮ್ಮಷ್ಟು ಮುಗ್ಧರು ಯಾರೂ ಇಲ್ಲ. ಹಾಕಿದ ಹಣಕ್ಕೆ ಎಷ್ಟು ಹಣ ಹುಟ್ಟಿತು ಎಂಬುದು ಅದು. ಏಣಿಯ ಐದು ಮೆಟ್ಟಿಲುಗಳಲ್ಲಿ ಕೂಲಿಗೆ ಒಂದು ಕಾಲಿಡುವ ಜಾಗವಿಲ್ಲ!

ನಮ್ಮ ಕಡೆಯ ಚರಿತ್ರೆ

ಇದೇ ವಿದ್ಯೆಯನ್ನು ದುಡಿಯುವವರ ಕಡೆಯಿಂದಲೂ ಕಟ್ಟಿದವರಿದ್ದಾರೆ. ಅದನ್ನು ನಮ್ಮ ಓದುಗರು ತಿಳಿದಿರಬೇಕು, ಏಕೆಂದರೆ ಪದವಿ ಮಾರುವವರು ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ.

1963ರಲ್ಲಿ ಬ್ರೆಜಿಲಿನ ಅಂಜಿಕೋಸ್ ಎಂಬ ಊರಿನಲ್ಲಿ ಪೌಲೋ ಫ್ರೇರೆ ಎಂಬ ಮೇಷ್ಟ್ರು ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗ ಮಾಡಿದರು. ಅವರೂ ಮೊದಲು ಅಗತ್ಯವನ್ನೇ ಅಳೆದರು. ಆದರೆ ಧಣಿಯ ಕಚೇರಿಯಲ್ಲಿ ಕುಳಿತು ಅಳೆಯಲಿಲ್ಲ. ಜನರ ನಡುವೆ ಕುಳಿತು ಅವರ ಬಾಯಲ್ಲಿ ಬರುವ ಮಾತುಗಳನ್ನು ಬರೆದುಕೊಂಡರು. ‘ಇಟ್ಟಿಗೆ’ ಎಂಬುದು ಅಂಥ ಒಂದು ಮಾತು. ಇಟ್ಟಿಗೆ ಎಂದು ಬರೆಯಲು ಕಲಿಯುವವನು, ಆ ಇಟ್ಟಿಗೆ ಯಾರು ಸುಟ್ಟದ್ದು, ಅದರಿಂದ ಎದ್ದ ಮನೆಯಲ್ಲಿ ಯಾರು ವಾಸ ಮಾಡುತ್ತಾರೆ ಎಂದೂ ಮಾತಾಡುತ್ತಿದ್ದ. ಮರುವರ್ಷವೇ, 1964ರಲ್ಲಿ, ಸೈನ್ಯ ಅಧಿಕಾರ ಹಿಡಿದು ಆ ಮೇಷ್ಟ್ರನ್ನು ಜೈಲಿಗೆ ಹಾಕಿತು; ಅನಂತರ ಅವರು ದೇಶವನ್ನೇ ಬಿಡಬೇಕಾಯಿತು. ಅಕ್ಷರ ಕಲಿಸಿದ್ದಕ್ಕೆ ಜೈಲು ಏಕೆಂದರೆ, ಅಲ್ಲಿ ಓದುಬರಹ ಬಂದವನಿಗೆ ಮಾತ್ರ ಓಟಿತ್ತು.

1969ರಲ್ಲಿ ಬ್ರಿಟನ್ನಿನ ಲೇಬರ್ ಸರಕಾರ ಮುಕ್ತ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಅದಕ್ಕಾಗಿ ಹೋರಾಡಿದ ಮಂತ್ರಿ ಜೆನ್ನಿ ಲೀ, ಸ್ಕಾಟ್ಲೆಂಡಿನ ಗಣಿ ಕಾರ್ಮಿಕನೊಬ್ಬನ ಮಗಳು. ಸೇರುವುದಕ್ಕೆ ಹಿಂದಿನ ಪರೀಕ್ಷೆಯ ಕಾಗದ ಕೇಳಲಿಲ್ಲ. 1971ರಲ್ಲಿ ಪಾಠ ಶುರುವಾದಾಗ ಸುಮಾರು 24,000 ಮಂದಿ ಸೇರಿದರು. ವಿಷಯ ಬಲ್ಲವರು, ಪಾಠ ಕಟ್ಟುವವರು, ಬಿ.ಬಿ.ಸಿ.ಯವರು ಒಂದೇ ಮೇಜಿನ ಸುತ್ತ ಕುಳಿತು ತಿಂಗಳುಗಟ್ಟಲೆ ಜಗಳವಾಡಿ ಒಂದೊಂದು ಪಾಠವನ್ನು ಕಟ್ಟುತ್ತಿದ್ದರು. ಪಾಳಿ ಮುಗಿಸಿ ಬಂದವನು ಅಡುಗೆಮನೆಯಲ್ಲಿ ಕುಳಿತು ಓದಿ ಪದವೀಧರನಾದ. 2012ರ ಬಳಿಕ ಇಂಗ್ಲೆಂಡಿನಲ್ಲಿ ಶುಲ್ಕವನ್ನು ಹಲವು ಪಟ್ಟು ಏರಿಸಿ ಅದರ ಬುಡಕ್ಕೂ ಬಿಸಿನೀರು ಹೊಯ್ದರು, ಆ ಮಾತು ಬೇರೆ.

ದೂರ ಹೋಗುವುದೇಕೆ? 1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತ ರೈತರಿಗೂ ಕೂಲಿಕಾರರಿಗೂ ಎಂದೇ ‘ಬೆಳಕು’ ವಾರಪತ್ರಿಕೆಯನ್ನು ಹೊರಡಿಸಿತು. ದಪ್ಪ ಅಕ್ಷರ, ಸಣ್ಣ ವಾಕ್ಯ, ಗೊತ್ತಿರುವ ಮಾತಿನಿಂದ ಗೊತ್ತಿಲ್ಲದ ಮಾತಿಗೆ. ಅದು ಪಾಠ ಕಟ್ಟುವ ವಿದ್ಯೆಯಲ್ಲದೆ ಮತ್ತೇನು? ಅದನ್ನು ಕಟ್ಟಿದವರು ಅಮೆರಿಕದ ಪದವಿಗೆ ಮನೆ ಅಡವಿಟ್ಟವರಲ್ಲ. ನಮ್ಮ ಐ.ಟಿ.ಐ.ಗಳ ಪಠ್ಯ ತಯಾರಿಸುವ ಸರಕಾರಿ ಸಂಸ್ಥೆ 1986ರಿಂದ ಚೆನ್ನೈಯಲ್ಲಿದೆ. ಶಿಕ್ಷಣ ತಂತ್ರಜ್ಞಾನದ ವಿಭಾಗ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿದೆ. ಮೈಸೂರಿನಲ್ಲಿ 1963ರಿಂದ ಕೇಂದ್ರ ಸರಕಾರದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1996ರಿಂದ ರಾಜ್ಯದ ಮುಕ್ತ ವಿಶ್ವವಿದ್ಯಾಲಯವಿದೆ. ಕಟ್ಟಡವಿದೆ, ಮೇಜಿದೆ, ಸಂಬಳ ಪಡೆಯುವ ಪ್ರೊಫೆಸರುಗಳಿದ್ದಾರೆ. ಇಲ್ಲದಿರುವುದು ಮನಸ್ಸು.

ಆ ಕಿರಾಣಿ ವ್ಯಾಪಾರಿಗೆ ನಾವು ಹೇಳಿದ್ದಿಷ್ಟು. ಮಗಳು ಓದಲಿ, ಈ ವಿದ್ಯೆಯನ್ನೇ ಓದಲಿ. ಮನೆ ಪತ್ರ ಮಾತ್ರ ಪೆಟ್ಟಿಗೆಯಲ್ಲೇ ಇರಲಿ. ಈ ಶಾಸ್ತ್ರದ ಮೂಲ ಪುಸ್ತಕಗಳು ಗ್ರಂಥಾಲಯಗಳಲ್ಲಿವೆ. ಸೈನ್ಯಕ್ಕಾಗಿ ಬರೆದ ವರದಿಗಳನ್ನು ಬಿಟ್ಟಿಯಾಗಿಯೇ ಓದಬಹುದು. ಸರಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಡ್. ಮಾಡುತ್ತಲೇ ಕಲಿಯಬಹುದು. ಈ ಕೆಲಸದಲ್ಲಿ ಕೇಳುವವರು ಮೊದಲು ಕೇಳುವುದು ಕಟ್ಟಿದ ಪಾಠವನ್ನು ತೋರಿಸಿ ಎಂದು. ಅವಳು ತನ್ನ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಒಳ್ಳೆಯ ಪಾಠ ಕಟ್ಟಲಿ. ಅದರಿಂದ ಅವಳ ಕೈಗೂ ಬೆಲೆ ಬರುತ್ತದೆ, ಮಕ್ಕಳಿಗೂ ಗಣಿತ ಬರುತ್ತದೆ.

ಕನ್ನಡದಲ್ಲಿ ಎಂದೆವು. ಈ ಪದವಿಯ ಬಾಗಿಲಲ್ಲಿ ನಿಂತಿರುವ ಕಾವಲುಗಾರ ದುಡ್ಡೊಂದೇ ಅಲ್ಲ, ಇಂಗ್ಲಿಷೂ ಹೌದು. ಡಾ. ಲೋಹಿಯಾ ಅವರು ಇಂಗ್ಲಿಷನ್ನು ಆಡಳಿತದಿಂದಲೂ ವಿದ್ಯೆಯಿಂದಲೂ ತೆಗೆಯಿರಿ ಎಂದಾಗ ನಕ್ಕವರು ಇದ್ದರು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಕಟ್ಟಿದ ಪಾಠವನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ಕಾರ್ಮಿಕನ ಮುಂದಿಡುತ್ತಾರೆ. ‘ಕದಿರು’ ಎಂಬ ಮಾತು ಅದರಲ್ಲಿ ಸಿಕ್ಕುವುದಿಲ್ಲ. ಓದಿ ಬೆರಳು ಕೊಯ್ದುಕೊಂಡರೆ ಕಾರ್ಮಿಕನ ಅಜಾಗರೂಕತೆ ಎಂದು ವರದಿ ಬರೆಯುತ್ತಾರೆ. ಕಲಿಯುವವನಿಗೆ ಬಾರದಿದ್ದರೆ ತಪ್ಪು ಕಲಿಸಿದವನದು ಎಂಬ ಸೂತ್ರ ಎಲ್ಲಿ ಹೋಯಿತು, ಸ್ವಾಮಿ?

ಸರಕಾರದ ಮುಂದೆ ಪಕ್ಷ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪಾಠ ಕಟ್ಟುವ ವಿದ್ಯೆಯ ಸ್ನಾತಕೋತ್ತರ ಪದವಿಯನ್ನು ಕನ್ನಡದಲ್ಲಿ, ಒಂದು ತಿಂಗಳ ಕೂಲಿಗೆ ಮೀರದ ವಾರ್ಷಿಕ ಶುಲ್ಕದಲ್ಲಿ ತೆರೆಯಬೇಕು. ಹತ್ತು ವರ್ಷ ಕಸಬು ಮಾಡಿದ ಕಾರ್ಮಿಕನಿಗೆ ಅದರಲ್ಲಿ ಜಾಗ ಮೀಸಲಿಡಬೇಕು, ಓದುವವನಾಗಿಯೂ ಕಲಿಸುವವನಾಗಿಯೂ.

ಸರಕಾರ ಮಾಡುವ ತನಕ ಕಾರ್ಮಿಕ ಸಂಘಗಳು ಸುಮ್ಮನೆ ಕೂರಬೇಕಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯ 17ನೆಯ ಕಲಮಿನ ಪ್ರಕಾರ, ನೌಕರಿಯ ಭಾಗವಾಗಿ ನೌಕರನು ಮಾಡಿದ ಕೃತಿಯ ಮೊದಲ ಒಡೆತನ ಮಾಲೀಕನದು. ಆದರೆ ಅದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿದ್ದರೆ ಮಾತ್ರ. ಆ ಒಪ್ಪಂದವನ್ನು ಮಾಡಿಕೊಳ್ಳಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಮುಂದಿನ ವೇತನ ಮಾತುಕತೆಯ ಬೇಡಿಕೆ ಪಟ್ಟಿಯಲ್ಲಿ, ತುಟ್ಟಿಭತ್ಯೆಯ ಕೆಳಗೆ, ಈ ಕಲಮನ್ನು ಸೇರಿಸಿರೆಂದು ಎಲ್ಲ ಗಿರಣಿ ಸಂಘಗಳಿಗೂ ಕೇಳಿಕೊಳ್ಳುತ್ತೇವೆ: ‘ಯಾವುದೇ ಕಾರ್ಮಿಕನ ಕೆಲಸವನ್ನು ಚಿತ್ರೀಕರಿಸಿ ಅಥವಾ ಬರೆದುಕೊಂಡು ಪಾಠ ತಯಾರಿಸುವುದಕ್ಕೆ ಮೊದಲು ಆತನ ಮತ್ತು ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಆ ಹೊತ್ತಿಗೆ ಒಂದೂವರೆ ಪಟ್ಟು ಕೂಲಿ ಕೊಡತಕ್ಕದ್ದು. ಪಾಠದ ಮೇಲೆ ಆತನ ಹೆಸರು ಇರತಕ್ಕದ್ದು. ಪಾಠದ ಒಂದು ಪ್ರತಿ ಸಂಘಕ್ಕೆ ಸೇರತಕ್ಕದ್ದು, ಸಂಘವು ಅದನ್ನು ತನ್ನ ಸದಸ್ಯರಿಗೂ ಅವರ ಮಕ್ಕಳಿಗೂ ಉಚಿತವಾಗಿ ಕಲಿಸಬಹುದು. ಆ ಪಾಠದ ಕಾರಣದಿಂದ ಯಾವ ಖಾಯಂ ಕಾರ್ಮಿಕನ ಹುದ್ದೆಯನ್ನೂ ಗುತ್ತಿಗೆಗೆ ಇಳಿಸತಕ್ಕದ್ದಲ್ಲ.’